ಹೆಸರು ಒಂದು, ಅಕ್ಷರ ಹಲವು

(ಕೊಪ್ಪದಲ್ಲಿ ಶೃಂಗೇರಿ ಮತ್ತು ನರಸಿಂಹರಾಜಪುರದ ಪೋಷಕರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮಗುವಿಗೆ ಉತ್ತಮವಾದ ಹೆಸರಿಡುವುದು ಹೆತ್ತವರ ಹೊಣೆಯೆಂದು ನಾವೆಲ್ಲರೂ ಮದ್ರಸದ ಮೊದಲ ತರಗತಿಗಳಲ್ಲೇ ಕಲಿತಿದ್ದೇವೆ. ಆದರೆ ಇಟ್ಟ ಹೆಸರನ್ನು ಬರೆಯುವುದು ಯಾರ ಹೊಣೆ ಎಂಬುದನ್ನು ನಮಗೆ ಯಾರೂ ಕಲಿಸಲಿಲ್ಲ. ಆ ಕೆಲಸವನ್ನು ನಾವು ಶಾಲೆಯ ಗುಮಾಸ್ತರಿಗೆ, ಗ್ರಾಮಲೆಕ್ಕಿಗರಿಗೆ, ಗಣಕಯಂತ್ರದ ಮುಂದೆ ಕುಳಿತ ಹುಡುಗನಿಗೆ ಬಿಟ್ಟುಕೊಟ್ಟೆವು. ಪರಿಣಾಮವನ್ನು ನೋಡಬೇಕಾದರೆ ಮನೆಯ ಕಬ್ಬಿಣದ ಪೆಟ್ಟಿಗೆಯನ್ನು ತೆರೆದರೆ ಸಾಕು. ಪಹಣಿಯಲ್ಲಿ ಅಜ್ಜ 'ಅದ್ರಾಮ ಬ್ಯಾರಿ'. ಮತದಾರರ ಪಟ್ಟಿಯಲ್ಲಿ ಅದೇ ಅಜ್ಜ 'ಅಬ್ದುಲ್ ರಹಿಮಾನ್'. ಮಗನ ಅಂಕಪಟ್ಟಿಯಲ್ಲಿ ತಂದೆಯ ಹೆಸರು 'ಎ. ರೆಹಮಾನ್'. ಹಜ್ಜ್ ಯಾತ್ರೆಗೆಂದು ಮಾಡಿಸಿದ ಪಾಸ್‌ಪೋರ್ಟಿನಲ್ಲಿ 'ಅಬ್ದುರ್ರಹ್ಮಾನ್'. ನಾಲ್ಕು ಕಾಗದಗಳಲ್ಲಿ ನಾಲ್ವರು. ಮನೆಯಲ್ಲಿ ಮಾತ್ರ ಒಬ್ಬರೇ ಇದ್ದರು.

ಈ ಮೂರು ತಾಲೂಕುಗಳಲ್ಲಿ ಸಮಸ್ಯೆ ಇನ್ನಷ್ಟು ಸಿಕ್ಕಾಗಲು ಕಾರಣವಿದೆ. ಇಲ್ಲಿನ ಮುಸ್ಲಿಮರು ಒಂದೇ ಭಾಷೆಯವರಲ್ಲ. ಘಟ್ಟದ ಕೆಳಗಿನಿಂದ ವ್ಯಾಪಾರಕ್ಕೂ ತೋಟದ ಕೆಲಸಕ್ಕೂ ಹತ್ತಿ ಬಂದ ಬ್ಯಾರಿಗಳಿದ್ದಾರೆ. ಬಯಲುಸೀಮೆಯ ಕಡೆಯಿಂದ ಬಂದ ದಖನಿ ಉರ್ದು ಮಾತಿನವರಿದ್ದಾರೆ. ಕೇರಳದಿಂದ ಬಂದು ನೆಲೆಸಿದ ಮಲಯಾಳಿಗಳಿದ್ದಾರೆ. ಮೂವರೂ ಒಂದೇ ಸಾಲಿನಲ್ಲಿ ನಿಂತು ನಮಾಝ್ ಮಾಡುತ್ತಾರೆ. ಆದರೆ ಒಂದೇ ಹೆಸರನ್ನು ಮೂರು ಬಗೆಯಾಗಿ ಕರೆಯುತ್ತಾರೆ. ಉರ್ದುವಿನವರ ಯೂಸುಫ್ ಬ್ಯಾರಿಗಳಲ್ಲಿ ಈಸುಬು ಆಗುತ್ತಾನೆ. ಉರ್ದುವಿನವರ ಅಝೀಝ್ ಮಲಯಾಳಿಗಳಲ್ಲಿ ಅಸೀಸ್. ಒಬ್ಬರ ರಮಝಾನ್ ಇನ್ನೊಬ್ಬರಿಗೆ ರಮಳಾನ್. ಅರಬಿಯ 'ಳಾದ್' ಎಂಬ ಅಕ್ಷರವನ್ನು ಪಾರಸಿ ಮತ್ತು ಉರ್ದು ನಾಲಗೆ 'ಝ' ಎಂದಿತು, ಮಲಯಾಳ ನಾಲಗೆ 'ಳ' ಎಂದಿತು, ಅಂತಾರಾಷ್ಟ್ರೀಯ ಸುದ್ದಿಸಂಸ್ಥೆಗಳು 'ದ' ಎಂದು ಬರೆದವು. ಇದರಲ್ಲಿ ಯಾರದು ಶುದ್ಧ, ಯಾರದು ಅಶುದ್ಧ ಎಂದು ಮಸೀದಿಯ ಜಗಲಿಯಲ್ಲಿ ಕುಳಿತು ವಾದಿಸುವವರಿದ್ದಾರೆ. ಆ ವಾದಕ್ಕೆ ನಾವು ಹೋಗುವುದಿಲ್ಲ. ಕುರ್‌ಆನ್ ಪಾರಾಯಣದಲ್ಲಿ ಉಚ್ಚಾರದ ನಿಯಮಗಳಿವೆ. ಅಂಗಳದಲ್ಲಿ ಮಗನನ್ನು ಕೂಗುವಾಗ ತಾಯಿಗೆ ಆ ನಿಯಮಗಳಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅಬ್ದುಲ್ ರಹ್ಮಾನ್ ಸರಿಯೋ, ಅಬ್ದುರ್ರಹ್ಮಾನ್ ಸರಿಯೋ? ಎರಡೂ ಸರಿ. 'ಅಬ್ದ್' ಎಂದರೆ ದಾಸ. ಅದರ ಮುಂದೆ ಬರುವ 'ಅಲ್' ಎಂಬುದು ಇಂಗ್ಲಿಷಿನ 'ದಿ' ಇದ್ದಂತೆ. ಅರಬಿಯ 28 ಅಕ್ಷರಗಳಲ್ಲಿ 14 ಸೂರ್ಯಾಕ್ಷರಗಳು, 14 ಚಂದ್ರಾಕ್ಷರಗಳು. 'ಅಲ್' ಆದ ಮೇಲೆ ಸೂರ್ಯಾಕ್ಷರ ಬಂದರೆ 'ಲ' ಕಾರವು ಅದರಲ್ಲಿ ಕರಗಿಹೋಗುತ್ತದೆ. 'ರ' ಸೂರ್ಯಾಕ್ಷರ, ಆದ್ದರಿಂದ ಅಬ್ದುರ್ರಹ್ಮಾನ್. 'ಕ' ಚಂದ್ರಾಕ್ಷರ; ಆದ್ದರಿಂದ ಅಬ್ದುಲ್ ಕರೀಮ್. ಅರಬರು ಬರೆಯುವಾಗ 'ಲ'ವನ್ನು ಉಳಿಸಿಕೊಂಡು ಓದುವಾಗ ಬಿಡುತ್ತಾರೆ. ಬರಹವನ್ನು ಹಿಂಬಾಲಿಸಿದವನು ಅಬ್ದುಲ್ ರಹ್ಮಾನ್ ಆದನು, ಮಾತನ್ನು ಹಿಂಬಾಲಿಸಿದವನು ಅಬ್ದುರ್ರಹ್ಮಾನ್ ಆದನು. ನಮ್ಮ ಅಜ್ಜಂದಿರು ಮಾತನ್ನೇ ಹಿಂಬಾಲಿಸಿ, ಬಾಯಿಗೆ ಭಾರವೆನಿಸಿದ್ದನ್ನು ಇಳಿಸಿ 'ಅದ್ರಾಮ' ಎಂದರು. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಏಕೆಂದರೆ ಜಗತ್ತೆಲ್ಲ ಮಾಡಿದ್ದೂ ಇದನ್ನೇ. ತುರ್ಕಿಯವರು ಮುಹಮ್ಮದ್ ಎಂಬುದನ್ನು ಮೆಹ್ಮೆತ್ ಎಂದರು, ಖದೀಜಾಳನ್ನು ಹತಿಜೆ ಎಂದರು. ಪಶ್ಚಿಮ ಆಫ್ರಿಕದಲ್ಲಿ ಮುಹಮ್ಮದ್ ಮಮಾದೂ ಆದನು, ಅಹ್ಮದ್ ಅಮಾದೂ ಆದನು, ಉಸ್ಮಾನ್ ಉಸ್ಮಾನೆ ಆದನು. ಸೋಮಾಲಿಯದವರು 1972ರಲ್ಲಿ ತಮ್ಮ ಭಾಷೆಗೆ ಲ್ಯಾಟಿನ್ ಲಿಪಿಯನ್ನು ಆರಿಸಿಕೊಂಡಾಗ 'ಹ' ಕಾರದ ಒಂದು ಬಗೆಗೆ 'ಎಕ್ಸ್' ಅಕ್ಷರವನ್ನು ಕೊಟ್ಟರು. ಹಾಗಾಗಿ ಅವರು ಬರೆದ ಮುಹಮ್ಮದನನ್ನು ನಾವು ಓದಿದರೆ 'ಮಕ್ಸಾಮೆಡ್' ಎಂದಾಗುತ್ತದೆ. ಈಜಿಪ್ಟಿನವರು ಜಮಾಲ್ ಎನ್ನದೆ ಗಮಾಲ್ ಎನ್ನುತ್ತಾರೆ, ಅವರು ಅರಬರೇ. ನಮ್ಮ ಹತ್ತಿರಕ್ಕೆ ಬಂದರೆ ತಮಿಳಿನಲ್ಲಿ 'ಫ' ಇಲ್ಲ, 'ಝ' ಇಲ್ಲ. ರಾಷ್ಟ್ರಪತಿಯಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರಿನ 'ಪಿ' ಎಂದರೆ ಪಕೀರ್, ಅಂದರೆ ಫಕೀರ್. 'ಜೆ' ಎಂದರೆ ಜೈನುಲಾಬ್ದೀನ್, ಅಂದರೆ ಝೈನುಲ್ ಆಬಿದೀನ್. ಅಬೂಬಕ್ಕರ್ ಎಂಬುದು ಮಲಬಾರಿನಲ್ಲಿ ಪೋಕರ್ ಆಗಿದೆ. ಸಂವಿಧಾನ ರಚನಾ ಸಭೆಯಲ್ಲಿ ಬಿ. ಪೋಕರ್ ಸಾಹೇಬರು ಅದೇ ಹೆಸರಿನಿಂದ ಕುಳಿತಿದ್ದರು. ಯಾರೂ ಅವರನ್ನು ಅಶುದ್ಧವೆನ್ನಲಿಲ್ಲ.

ಅರಬರಿಗೂ ಇದೇ ಕಷ್ಟವಿದೆ. ಅವರ ಭಾಷೆಯಲ್ಲಿ 'ಪ' ಕಾರವಿಲ್ಲ, ಹ್ರಸ್ವ 'ಒ' ಕಾರವೂ ಇಲ್ಲ. ನಮ್ಮ ಕೊಪ್ಪವನ್ನು ಅವರ ಲಿಪಿಯಲ್ಲಿ ಬರೆದರೆ 'ಕೂಬಾ' ಎಂದು ಓದಿಯಾರು. ಫಾತಿಮಾಳನ್ನು ನಾವು ಪಾತುಮ್ಮ ಮಾಡಿದ್ದಕ್ಕೆ ಇದು ಸಮವಾಯಿತು.

ಪಾತುಮ್ಮನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಬ್ಯಾರಿ ಮನೆಗಳಲ್ಲಿ ಹುಡುಗಿಯರಿಗೆ ಫಾತಿಮತ್, ಆಯಿಶತ್, ಖದೀಜತ್ ಎಂದು 'ತ್' ಸೇರಿಸಿ ಬರೆಸುವ ರೂಢಿಯಿದೆ. ಉರ್ದುವಿನವರು ಇದನ್ನು ತಪ್ಪೆಂದು ತಿಳಿಯುತ್ತಾರೆ. ತಪ್ಪಲ್ಲ. ಅರಬಿಯಲ್ಲಿ ಈ ಹೆಸರುಗಳ ಕೊನೆಗೆ ಒಂದು 'ತ' ಇದೆ. ಹೆಸರಿನಲ್ಲಿಯೇ ಮಾತು ನಿಂತಾಗ ಅದು ಮರೆಯಾಗುತ್ತದೆ, ಮಾತು ಮುಂದುವರಿದಾಗ ಕೇಳಿಸುತ್ತದೆ. ಸೆನೆಗಲಿನ ಫಾತುಮಾತಾ, ಅಮಿನಾತಾ ಎಂಬ ಹೆಸರುಗಳಲ್ಲಿರುವುದೂ ಅದೇ 'ತ'. ಕೊಪ್ಪದ ಹುಡುಗಿಗೂ ಸೆನೆಗಲಿನ ಹುಡುಗಿಗೂ ಇರುವ ಈ ನಂಟು ಅವರಿಬ್ಬರಿಗೂ ತಿಳಿಯದು.

ಕನ್ನಡ ಲಿಪಿಯ ಬಗ್ಗೆಯೂ ನಾವು ನ್ಯಾಯವಾಗಿ ಮಾತನಾಡಬೇಕು. ಇಂಗ್ಲಿಷಿಗಿಂತ ಕನ್ನಡವು ನಮ್ಮ ಹೆಸರುಗಳನ್ನು ಚೆನ್ನಾಗಿ ಹಿಡಿಯುತ್ತದೆ. ರಾಶಿದ್ ಮತ್ತು ರಶೀದ್, ಮಾಜಿದ್ ಮತ್ತು ಮಜೀದ್, ಸಾಲಿಮ್ ಮತ್ತು ಸಲೀಮ್: ಇವು ಬೇರೆ ಬೇರೆ ಹೆಸರುಗಳು. ಇಂಗ್ಲಿಷಿನಲ್ಲಿ ಬಹಳ ಸಲ ಎರಡಕ್ಕೂ ಒಂದೇ ಕಾಗುಣಿತ. ಕನ್ನಡದ ದೀರ್ಘವು ಅವನ್ನು ಕಾಪಾಡುತ್ತದೆ. ಆದರೆ ಗಂಟಲಿನಿಂದ ಹೊರಡುವ 'ಐನ್', 'ಸ'ಕಾರದ ಮೂರು ಬಗೆ, 'ಕ'ಕಾರದ ಎರಡು ಬಗೆ ಕನ್ನಡದಲ್ಲಿ ಕಳೆದುಹೋಗುತ್ತವೆ. ಅಲೀಮ್ ಎಂದರೆ 'ಐನ್'ನಿಂದ ಬರೆದಾಗ ಸರ್ವಜ್ಞ. 'ಅಲಿಫ್'ನಿಂದ ಬರೆದಾಗ ನೋವುಂಟುಮಾಡುವುದು. ಕನ್ನಡದಲ್ಲಿ ಎರಡೂ ಅಲೀಮ್. ಆಸಿಯಾ ಎಂಬುದು ಫಿರ್‌ಔನನ ಪತ್ನಿಯಾಗಿದ್ದ ಪುಣ್ಯವತಿಯ ಹೆಸರು. ಬೇರೆ ಅಕ್ಷರಗಳಿಂದ ಬರೆದ ಆಸಿಯಾ ಎಂದರೆ ಆಜ್ಞೆ ಮೀರುವವಳು. ಆ ಹೆಸರಿದ್ದ ಒಬ್ಬಾಕೆಗೆ ಪ್ರವಾದಿಯವರು(ಸ) ಜಮೀಲಾ ಎಂದು ಹೆಸರು ಬದಲಿಸಿದ ವರದಿಯಿದೆ. ಕನ್ನಡದಲ್ಲಿ ಇವೆರಡನ್ನು ಬೇರ್ಪಡಿಸಲಾಗದು. ಹಾಗೆಂದು ಊರಿನ ಆಸಿಯಾಗಳೆಲ್ಲ ಅಂಜಬೇಕಾಗಿಲ್ಲ. ನಿಕಾಹ್ ಪುಸ್ತಕದಲ್ಲಿ ಅರಬಿಯಲ್ಲಿ ಸರಿಯಾಗಿ ಬರೆದಿದ್ದರೆ ಸಾಕು.

ಈ ಮಲೆನಾಡಿಗೆ ಅರಬಿ ಹೆಸರುಗಳು ಹೊಸಬವಲ್ಲ. 1791ರಲ್ಲಿ ಮರಾಠಾ ಪಡೆಯ ದಾಳಿಗೆ ಶೃಂಗೇರಿ ಮಠವು ಗುರಿಯಾದ ಬಳಿಕ ಟಿಪ್ಪು ಸುಲ್ತಾನನು ಅಲ್ಲಿನ ಸ್ವಾಮಿಗಳಿಗೆ ಬರೆದ ಪತ್ರಗಳು ಕನ್ನಡದಲ್ಲಿವೆ, 1916ರಲ್ಲಿ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಟಿಪ್ಪುವಿನ ತಂದೆ ಹೈದರನ ಹೆಸರಿಗೆ ಸಿಂಹವೆಂದು ಅರ್ಥ. ಕನ್ನಡಿಗರ ಬರಹದಲ್ಲಿ ಆ ಹೆಸರು ಹೆಚ್ಚಾಗಿ ಒಂದೇ ರೂಪದಲ್ಲಿ ನಿಂತಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಮಾತ್ರ ಅದಕ್ಕೆ ಅರ್ಧ ಡಜನ್ ಕಾಗುಣಿತಗಳಿವೆ. ಇದೇ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ 'ಸಾಬಿ' ಎಂದು ಕೊನೆಗೊಳ್ಳುವ ಹೆಸರುಗಳವರು ಓಡಾಡುತ್ತಾರೆ. ಸಾಬಿ, ಸಾಬ, ಸಾಬರು ಎಂಬ ಮಾತು ಇಂದು ಕೆಲವರ ಬಾಯಿಯಲ್ಲಿ ತಿರಸ್ಕಾರವಾಗಿದೆ. ಅದರ ಮೂಲ 'ಸಾಹಿಬ್'. ಅರಬಿಯಲ್ಲಿ ಒಡನಾಡಿ ಎಂದರ್ಥ. ಪ್ರವಾದಿಯವರ ಸಂಗಾತಿಗಳನ್ನು ಸಹಾಬಿಗಳೆನ್ನುವುದೂ ಅದೇ ಧಾತುವಿನಿಂದ. ಬೈಯುವವನಿಗೆ ತಾನು ಒಡನಾಡಿಯೆಂದು ಕರೆಯುತ್ತಿದ್ದೇನೆಂಬ ಅರಿವಿಲ್ಲ.

ನರಸಿಂಹರಾಜಪುರದ ಕಡೆ ಕೇರಳದಿಂದ ಬಂದ ಕ್ರೈಸ್ತ ರೈತರೂ ಇದ್ದಾರೆ. ಅವರ ಔಸೇಪ್, ಇಂಗ್ಲಿಷಿನ ಜೋಸೆಫ್, ನಮ್ಮ ಯೂಸುಫ್, ಬ್ಯಾರಿಯ ಈಸುಬು: ಎಲ್ಲವೂ ಒಂದೇ ಹೆಸರು. ಅದು ಅರಬಿ ಮೂಲದ್ದೂ ಅಲ್ಲ, ಇಬ್ರಾನಿಯದ್ದು.

ಇಷ್ಟು ಚಂದವಾಗಿರುವ ಈ ಬಹುರೂಪವು ಕಚೇರಿಯ ಬಾಗಿಲಲ್ಲಿ ಕಂಟಕವಾಗುತ್ತದೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು 'ಭೂಮಿ' ಯೋಜನೆಯಡಿ ಗಣಕಯಂತ್ರಕ್ಕೆ ಏರಿಸಲಾಯಿತು. ಕೈಬರಹದ ದಿನಗಳಲ್ಲಿ ಗ್ರಾಮಲೆಕ್ಕಿಗನಿಗೆ ಅದ್ರಾಮ ಬ್ಯಾರಿ ಯಾರೆಂದು ಗೊತ್ತಿತ್ತು. ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ಒಂದು ಅಕ್ಷರ ಬೇರೆಯಾದರೆ ಮನುಷ್ಯನೇ ಬೇರೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದರು. ಅಲ್ಲಿ ಕಾಗುಣಿತದ ವ್ಯತ್ಯಾಸವು ಜನರನ್ನು ಕಾಡಿದ ತೊಂದರೆಗಳಲ್ಲಿ ಒಂದು. ಮದುವೆಗೆ ಮುನ್ನ ಖಾತೂನ್ ಆಗಿದ್ದವಳು ಮದುವೆಯ ಬಳಿಕ ಬೀಬಿ, ಗಂಡ ಸತ್ತ ಮೇಲೆ ಬೇವಾ. ಮೂವರೂ ಒಬ್ಬಳೇ ಎಂದು ಸಾಬೀತುಪಡಿಸುವ ಹೊರೆ ಅವಳ ತಲೆಯ ಮೇಲೆ ಬಿತ್ತು.

ಇಲ್ಲಿ ಸರಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತವನ್ನು ಬದಲಿಸಲಾಯಿತು. ನಮ್ಮ ಜಿಲ್ಲಾ ಕೇಂದ್ರ ಚಿಕ್ಕಮಗಳೂರೂ ಅದರಲ್ಲಿತ್ತು. ಹಳೆಯ ಕಾಗುಣಿತದ ಕಾಗದ ಹಿಡಿದವನನ್ನು ಬೇರೆ ಊರಿನವನೆಂದು ಯಾರೂ ಹೇಳಲಿಲ್ಲ. ಊರಿಗೆ ಸಿಕ್ಕಿದ ಈ ಔದಾರ್ಯವು ಊರಿನ ನಿವಾಸಿಗೂ ಸಿಗಬೇಕಲ್ಲವೇ? ತಂದೆಯ ಹೆಸರು, ಮನೆ, ವಯಸ್ಸು ಎಲ್ಲವೂ ಹೊಂದಿಕೆಯಾಗುವಾಗ ಒಂದು 'ಹಿ'ಕಾರಕ್ಕಾಗಿ ಬಡವನನ್ನು ವಕೀಲರ ಕಚೇರಿಗೆ ಅಟ್ಟುವುದು ಆಡಳಿತವಲ್ಲ.

ಆದರೂ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬೇಕು. 2023ರ ಅಕ್ಟೋಬರ್ 1ರಿಂದ ಜನನ ಮರಣ ನೋಂದಣಿಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದೆ. ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಬುಡ. ಮಗುವಿನ ಹೆಸರಿಲ್ಲದೆ ನೋಂದಣಿಯಾಗಿದ್ದರೆ ಮೊದಲ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆ ಬಳಿಕ 15 ವರ್ಷಗಳವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಆಸ್ಪತ್ರೆಯಲ್ಲಿ ದಾದಿ ಕೇಳಿದಾಗ ಬಾಯಿಮಾತಿನಲ್ಲಿ ಹೇಳಬೇಡಿ, ಕಾಗದದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದುಕೊಡಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಲು ಅವಕಾಶವಿದೆ. ಅದನ್ನು ಅವಸರದಲ್ಲಿ ವ್ಯರ್ಥಮಾಡಬೇಡಿ.

'ಅಬ್ದುಲ್' ಎಂಬಷ್ಟನ್ನೇ ಹೆಸರಾಗಿ ಬರೆಸುವುದನ್ನು ನಿಲ್ಲಿಸೋಣ. ಅದು 'ದಾಸನು, ಆ...' ಎಂದು ಅರ್ಧಕ್ಕೆ ನಿಂತ ವಾಕ್ಯ. ಅದನ್ನು 'ಎ' ಎಂದು ಇನಿಷಿಯಲ್ ಮಾಡಿ ಉಳಿದುದನ್ನು ಹೆಸರು ಮಾಡಿದರೆ ದಾಸನು ಹೋಗಿ ಒಡೆಯನ ಹೆಸರು ಮಾತ್ರ ಉಳಿಯುತ್ತದೆ. ಇದು ಭಕ್ತಿಯ ದೃಷ್ಟಿಯಿಂದಲೂ ಸರಿಯಲ್ಲ. ಬ್ರಿಟನ್ನಿನ ಬಾಂಗ್ಲಾ ಮೂಲದ ಮನೆಗಳಲ್ಲಿ ಹೀಗೆಯೇ 'ಉದ್ದೀನ್' ಎಂಬ ಬಾಲವು ಕುಲನಾಮವಾಗಿಬಿಟ್ಟಿದೆ. ಎರಡು ಪದಗಳನ್ನು ಕೂಡಿಸಿ ಒಂದಾಗಿ ಬರೆಯುವುದೇ ಮೇಲು. (ಇನಿಷಿಯಲಿನ ಮೋಹ ನಮಗೆ ಮಾತ್ರವಲ್ಲ, ಯುವರಾಜರ ಹೆಸರು ಹೊತ್ತ ನರಸಿಂಹರಾಜಪುರವನ್ನೇ ನಾವು ಎನ್.ಆರ್. ಪುರ ಮಾಡಿದ್ದೇವೆ.) ಕೊಲ್ಲಿಗೆ ಹೋಗುವ ಯುವಕರು ಇನ್ನೊಂದನ್ನು ಗಮನಿಸಬೇಕು: 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶ ನಿರಾಕರಿಸುವ ನಿಯಮ ತಂದಿತು. ಹೆಸರಿನ ಜೊತೆ ತಂದೆಯ ಹೆಸರನ್ನು ಪೂರ್ಣವಾಗಿ ಬರೆಸುವುದು ಅರಬರ ಹಳೆಯ ಪದ್ಧತಿಯೇ ಆಗಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತೇವೆ. ಖದೀಜಾ ಬಿಂತ್ ಖುವೈಲಿದ್, ಆಯಿಶಾ ಬಿಂತ್ ಅಬೀಬಕ್ರ್: ಪ್ರವಾದಿಯವರ ಪತ್ನಿಯರಾದ ಮೇಲೂ ಅವರು ತಂದೆಯ ಹೆಸರಿನಿಂದಲೇ ಗುರುತಿಸಲ್ಪಟ್ಟರು. ಮದುವೆಯ ಮರುದಿನ ಇನಿಷಿಯಲ್ ಬದಲಿಸಬೇಕೆಂದು ಶರೀಅತ್ ಹೇಳಿಲ್ಲ, ಕಾನೂನೂ ಹೇಳಿಲ್ಲ. ಬಿ, ಬೇಗಂ, ಬಾನು, ಉಮ್ಮ ಇವುಗಳಲ್ಲಿ ಯಾವುದನ್ನು ಶಾಲೆಗೆ ಸೇರಿಸುವಾಗ ಬರೆಸಿದ್ದೀರೋ ಅದು ಕೊನೆಯವರೆಗೂ ಇರಲಿ.

ಇನ್ನು ಹಿರಿಯರ ಹಳೆಯ ಹೆಸರುಗಳನ್ನು 'ಶುದ್ಧ' ಮಾಡುವ ಹುಮ್ಮಸ್ಸು ಕೆಲವು ವಿದ್ಯಾವಂತ ಮಕ್ಕಳಲ್ಲಿ ಕಾಣುತ್ತಿದೆ. ಪಹಣಿಯಲ್ಲಿ ಮೊಯ್ದು ಎಂದಿದ್ದರೆ ಅದು ಮುಹಿಯುದ್ದೀನ್ ಎಂಬುದರ ಮನೆಮಾತಿನ ರೂಪ. ಆ ಹೆಸರಿನ ಹಿಂದೆ ಶೇಖ್ ಅಬ್ದುಲ್ ಖಾದಿರ್ ಜೀಲಾನಿಯವರ ಬಿರುದಿದೆ. ತಂದೆಯ ಕಾಗದವನ್ನು ಮುಟ್ಟಬೇಡಿ. ನಿಮ್ಮ ಕಾಗದದಲ್ಲಿ ತಂದೆಯ ಹೆಸರು ಅವರ ಕಾಗದದಲ್ಲಿ ಇರುವಂತೆಯೇ ಇರಲಿ.

ಮೊಹಲ್ಲಾದ ಜಮಾಅತ್‌ಗಳಲ್ಲಿ ನಮ್ಮ ಕೋರಿಕೆಯೊಂದಿದೆ. ನಿಕಾಹ್ ಪುಸ್ತಕದಲ್ಲಿ ಹೆಸರನ್ನು ಅರಬಿ ಲಿಪಿಯಲ್ಲಿ ಮಾತ್ರ ಬರೆಯುವ ಕಡೆಗಳಲ್ಲಿ ಅದರ ಪಕ್ಕದಲ್ಲೇ ಎರಡು ಅಂಕಣಗಳನ್ನು ಹಾಕಿಸಿ: ಒಂದು ಕನ್ನಡಕ್ಕೆ, ಒಂದು ಇಂಗ್ಲಿಷಿಗೆ. ವಧೂವರರ ಶಾಲಾ ದಾಖಲೆಯನ್ನು ತರಿಸಿ, ಅದರಲ್ಲಿರುವ ಕಾಗುಣಿತವನ್ನೇ ಅಕ್ಷರ ಅಕ್ಷರವಾಗಿ ನಕಲು ಮಾಡಿ. ಶಾಲೆಗಳು ತೆರೆಯುವ ವಾರಗಳಲ್ಲಿ ಓದುಬರಹ ಬಲ್ಲ ಇಬ್ಬರು ಯುವಕರನ್ನು ಜುಮಾ ನಮಾಝಿನ ಬಳಿಕ ಒಂದು ಮೇಜಿನ ಮುಂದೆ ಕೂರಿಸಿ. ತಾಯಂದಿರು ಅರ್ಜಿ ತುಂಬುವ ಮುನ್ನ ಅಲ್ಲಿಗೆ ಬಂದು ಹೆಸರನ್ನು ಬರೆಸಿಕೊಂಡು ಹೋಗಲಿ.