ಮೇಜೂ ರೈಲೂ ಬಂದಾಯಿತು, ಜತೆಗೆ ಏನನ್ನು ಕೊಳ್ಳಬೇಕು?

(ಎಸ್ಟೇಟ್ ಯುವಕರ ಭಾನುವಾರದ ಕೂಟದಲ್ಲಿ ಆಡಿದ ಮಾತು)



ನಮ್ಮ ಲೈನು ಮನೆಗಳ ಹುಡುಗರಲ್ಲಿ ತೋಟದ ಕೆಲಸಕ್ಕೆ ನಿಲ್ಲದೆ ಮರಗೆಲಸಕ್ಕೆ ಹೋಗುವವರು ಈಗ ಇದ್ದಾರೆ. ಅಡುಗೆಮನೆಯ ಕಪಾಟು, ಬಟ್ಟೆಯ ಬೀರು, ಅಂಗಡಿಯ ಕೌಂಟರು, ಎಲ್ಲವೂ ಪ್ಲೈವುಡ್ ಕೆಲಸ. ಅದಕ್ಕಾಗಿ ರೈಲಿನ ಮೇಲೆ ಓಡುವ ಗರಗಸವನ್ನೂ ತೂತುಗಳಿರುವ ಮೇಜನ್ನೂ ಕೊಳ್ಳುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕ್ಲ್ಯಾಂಪು, ಗೂಟ, ಸ್ಟಾಪು, ಜೋಡುಪಟ್ಟಿ ಎಂದು ಅಂಗಡಿಯವನು ಇನ್ನೊಂದು ಪಟ್ಟಿ ಮುಂದಿಡುತ್ತಾನೆ. ಎಲ್ಲವನ್ನೂ ಕೂಡಿಸಿದರೆ ಗರಗಸದ ಬೆಲೆಯನ್ನೂ ಮೀರಬಹುದು. ಆ ಹಣ ಬರುವುದು ಅಮ್ಮನ ಬೋನಸ್ಸಿನಿಂದ, ಚೀಟಿಯಿಂದ, ಅಡವಿಟ್ಟ ಓಲೆಯಿಂದ. ಆದುದರಿಂದ ಈ ಮಾತನ್ನು ಹುಡುಗರಿಗೆ ಮಾತ್ರವಲ್ಲ, ಮನೆಯವರಿಗೂ ಹೇಳುತ್ತಿದ್ದೇವೆ. ಹಲಗೆಯನ್ನು ಹಿಡಿದು ನಿಲ್ಲಿಸುವ ಸಾಮಾನಿಗೂ ಉಸಿರು ಕಾಯುವ ಸಾಮಾನಿಗೂ ಮೊದಲು ಹಣ ಕೊಡಿ. ಉಳಿದದ್ದರಲ್ಲಿ ಹೆಚ್ಚಿನದನ್ನು ಕೈಯಲ್ಲೇ ಮಾಡಿಕೊಳ್ಳಬಹುದು.

ಈ ರೈಲು ಅಲ್ಯೂಮಿನಿಯಂ ಪಟ್ಟಿ. ಗರಗಸದ ತಳ ಅದರ ಏಣಿನ ಮೇಲೆ ಕೂತು ನೇರವಾಗಿ ಓಡುತ್ತದೆ. ಈಗ ಫೆಸ್ಟೂಲ್ ಎಂದು ಹೆಸರಾದ ಜರ್ಮನಿಯ ಕಂಪೆನಿ 1962ರಲ್ಲಿ ಇದನ್ನು ಹೊರತಂದಿತು. ಅಂಚಿನಲ್ಲಿ ರಬ್ಬರಿನಂಥ ಒಂದು ಪಟ್ಟಿ ಇರುತ್ತದೆ. ಹೊಸ ರೈಲಿನ ಮೇಲೆ ಮೊದಲ ಸಲ ಗರಗಸ ಓಡಿಸಿದಾಗ ಬ್ಲೇಡೇ ಅದನ್ನು ತನ್ನ ಅಳತೆಗೆ ಕೊಯ್ದುಕೊಳ್ಳುತ್ತದೆ. ಆ ಮೇಲೆ ಪಟ್ಟಿಯ ಅಂಚನ್ನು ಗೆರೆಯ ಮೇಲಿಟ್ಟರೆ ಕೊಯ್ತ ಅಲ್ಲೇ ಬೀಳುತ್ತದೆ, ಸಿಬಿರೂ ಏಳುವುದಿಲ್ಲ. ಬಿಡಿ ಸಾಮಾನು ಕೊಳ್ಳುವ ಮುಂಚೆ ರೈಲಿನ ಜಾತಿ ನೋಡಿ. ಮಕೀಟ ಗರಗಸ ಫೆಸ್ಟೂಲ್ ರೈಲಿನ ಮೇಲೆ ಓಡುತ್ತದೆ. ಬಾಷ್ ರೈಲು ಬೇರೆ. ಅಗ್ಗವೆಂದು ಯಾವುದೋ ರೈಲಿನ ಜೋಡುಪಟ್ಟಿ ತಂದರೆ ಅದು ನಿಮ್ಮ ರೈಲಿಗೆ ಕೂಡದು.

ಪ್ಲೈವುಡ್ ಹಲಗೆ ಎಂಟಡಿಗೆ ನಾಲ್ಕಡಿ, ಅಂದರೆ 2440ಕ್ಕೆ 1220 ಮಿಲಿಮೀಟರ್. ಅಡ್ಡ ಕೊಯ್ಯಲು 1400 ಮಿಲಿಮೀಟರಿನ ಒಂದು ರೈಲು ಸಾಕು. ಉದ್ದಕ್ಕೆ ಕೊಯ್ಯಲು ಅಂಥ ಎರಡನ್ನು ಜೋಡಿಸಿದರೆ 2800 ಆಗುತ್ತದೆ. ಒಂದೇ ಉದ್ದದ ರೈಲು ಸಿಗುವುದುಂಟು. ಆದರೆ ನಮ್ಮ ಎಸ್ಟೇಟ್ ರಸ್ತೆಯಲ್ಲಿ, ಜನ ತುಂಬಿದ ಜೀಪಿನಲ್ಲಿ, ಅದನ್ನು ಹೇಗೆ ಒಯ್ಯುವಿರಿ? ಎರಡು ಗಿಡ್ಡ ರೈಲು, ಒಂದು ಜೊತೆ ಜೋಡುಪಟ್ಟಿ, ಇದೇ ಮೇಲು. ಜೋಡಿಸುವಾಗ ನೇರವಾದ ಕಬ್ಬಿಣದ ಪಟ್ಟಿಯೊಂದನ್ನು ಎರಡಕ್ಕೂ ಒತ್ತಿ ಹಿಡಿದು ಆಮೇಲೆ ಸ್ಕ್ರೂ ಬಿಗಿಯಿರಿ.

ರೈಲಿನ ಕ್ಲ್ಯಾಂಪು ಎರಡು ಬೇಕೇ ಬೇಕು. ಅಡಿಯಲ್ಲಿ ಜಾರದ ಪಟ್ಟಿ ಇದೆಯಲ್ಲ, ಕ್ಲ್ಯಾಂಪು ಯಾಕೆ ಎಂದು ಕೆಲವರು ಕೇಳುತ್ತಾರೆ. ಸನ್‌ಮೈಕದ ಮೇಲೆ, ಪುಡಿ ಬಿದ್ದ ಹಲಗೆಯ ಮೇಲೆ, ಆ ಪಟ್ಟಿಯನ್ನು ನಂಬುವಂತಿಲ್ಲ. ಕ್ಲ್ಯಾಂಪು ರೈಲಿನ ಅಡಿಯ ಗಾಡಿಯೊಳಗೆ ತೂರುವುದರಿಂದ ಗರಗಸದ ದಾರಿಗೆ ಅಡ್ಡ ಬರುವುದಿಲ್ಲ. ಜತೆಗೆ ಹಲಗೆಯ ಎರಡೂ ಭಾಗಗಳ ಅಡಿಗೆ ಆಧಾರ ಕೊಡಿ, ದಪ್ಪ ಥರ್ಮೋಕೋಲ್ ಸಾಕು. ಆಧಾರವಿಲ್ಲದ ಹಲಗೆ ನಡುವೆ ಬಾಗಿ ಬ್ಲೇಡನ್ನು ಹಿಸುಕುತ್ತದೆ, ಗರಗಸ ಹಿಂದಕ್ಕೆ ನಿಮ್ಮ ಮೇಲೆಯೇ ಎಗರುತ್ತದೆ. ಬ್ಲೇಡು ಹಲಗೆಯ ದಪ್ಪಕ್ಕಿಂತ 2–3 ಮಿಲಿಮೀಟರ್ ಇಳಿದರೆ ಸಾಕು. ಹೋದ ಬೆರಳಿಗೆ ಯಾವ ಅಂಗಡಿಯಲ್ಲೂ ಬಿಡಿ ಸಾಮಾನು ಸಿಗದು.

ಮೇಜಿನ ಮೇಲಿನ ತೂತುಗಳು ಸಾಮಾನ್ಯವಾಗಿ 20 ಮಿಲಿಮೀಟರ್ ಅಗಲ, ನಡುವಿನಿಂದ ನಡುವಿಗೆ 96 ಮಿಲಿಮೀಟರ್. ಇವುಗಳಲ್ಲಿ ನಿಲ್ಲುವ ಗೂಟಗಳನ್ನು ನಾಲ್ಕು ಕೊಳ್ಳಿ, ಒಳ್ಳೆಯದನ್ನೇ ಕೊಳ್ಳಿ. ತೂತಿನಲ್ಲಿ ಅಲ್ಲಾಡುವ ಗೂಟ ಮೂಲೆಮಟ್ಟವನ್ನು ಕೆಡಿಸುತ್ತದೆ. ಆದರೆ ದುಬಾರಿ ಮೂಲೆಮಟ್ಟದ ಉಪಕರಣ ಈಗಲೇ ಬೇಡ. ಅಗಲವಾದ ಒಂದು ತುಂಡನ್ನು ಗೂಟಗಳಿಗೆ ಒತ್ತಿಟ್ಟು ಅಡ್ಡ ಕೊಯ್ಯಿರಿ. ಎರಡು ತುಂಡುಗಳಲ್ಲಿ ಒಂದನ್ನು ಮಗುಚಿ, ಎರಡರ ನೇರ ಅಂಚನ್ನೂ ಒಂದೇ ಪಟ್ಟಿಗೆ ತಾಗಿಸಿ, ಕೊಯ್ದ ತುದಿಗಳನ್ನು ಕೂಡಿಸಿ. ಸಂದು ಕಾಣದಿದ್ದರೆ ಮೂಲೆ ಸರಿ. ತಪ್ಪಿದ್ದರೆ ಅದು ಎರಡರಷ್ಟಾಗಿ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಒಂದೇ ಅಗಲದ ಪಟ್ಟಿಗಳನ್ನು ಕೊಯ್ಯುವ ಜೋಡು ಅಳತೆಪಟ್ಟಿಯನ್ನೂ ಕೊಳ್ಳಬೇಡಿ. ಪ್ಲೈವುಡ್ ಚೂರಿನಿಂದ ಸರಿಸಮ ಉದ್ದದ ಎರಡು ಕಡ್ಡಿ ಮಾಡಿ, ರೈಲಿನ ಎರಡೂ ತುದಿಯಲ್ಲಿ ಅದೇ ಕಡ್ಡಿಯಿಂದ ಅಳೆದು ಇಟ್ಟರಾಯಿತು. ಸ್ಟಾಪಿಗೆ ಒಂದು ಮರದ ತುಂಡು, ಒಂದು ಸಾಧಾರಣ ಕ್ಲ್ಯಾಂಪು. ನೋಡಲು ಅಂದವಿಲ್ಲ ನಿಜ, ಆದರೆ ಗಿರಾಕಿ ಕೊಳ್ಳುವುದು ಕಪಾಟನ್ನು.

ಇನ್ನು ಪುಡಿಯ ವಿಚಾರ. ಉಳಿಸಿದ ಹಣವನ್ನು ಇಲ್ಲಿ ಹಾಕಿ. ಗರಗಸದ ಹಿಂಬದಿಯ ಬಾಯಿಗೆ ಕೊಳವೆ ಸಿಕ್ಕಿಸಿ ಪುಡಿ ಎಳೆಯುವ ಯಂತ್ರ ದುಬಾರಿ ಎಂದು ಬಹಳ ಮಂದಿ ಅದನ್ನು ಕೊನೆಗೆ ಬಿಡುತ್ತಾರೆ. ಮರದ ಪುಡಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ಮೂಗು ಮತ್ತು ಅದರ ಸುತ್ತಲ ಕುಳಿಗಳಲ್ಲಿ ಅದು ಕಾಣಿಸುತ್ತದೆ. ತೋಟದ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರವೂ ಬೀಟೆಯ ಪುಡಿಯೂ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಏಳುತ್ತದೆ. ಒಂದೂವರೆ ಕೋಣೆಯ ಲೈನು ಮನೆಯ ಜಗಲಿಯಲ್ಲಿ ಕೊಯ್ದರೆ ಆ ಪುಡಿಯನ್ನು ಕೂಸೂ ಉಸಿರಾಡುತ್ತದೆ. ಕೆಲಸವನ್ನು ಮನೆಯಿಂದ ದೂರ ಬಯಲಲ್ಲಿ ಮಾಡಿ. ಯಂತ್ರಕ್ಕೆ ಹಣ ಕೂಡುವ ತನಕ ಒಳ್ಳೆಯ ಮಾಸ್ಕ್ ಕಟ್ಟಿ. ಟವಲ್ ಸಾಲದು, ಸಣ್ಣ ಪುಡಿ ಅದರಲ್ಲಿ ನುಸುಳುತ್ತದೆ. ಕಂಟ್ರಾಕ್ಟರನ ಕೈಕೆಳಗೆ ದುಡಿಯುವವರು ಯಂತ್ರವನ್ನೂ ಮಾಸ್ಕನ್ನೂ ಅವನಿಂದಲೇ ಕೇಳಬೇಕು. ಒಬ್ಬೊಬ್ಬರೇ ಕೇಳಬೇಡಿ, ಎಲ್ಲರೂ ಸೇರಿ ಕೇಳಿ.

ಮಳೆಗಾಲಕ್ಕೆ ಮುಂಚೆ ಮೇಜಿನ ಮೇಲ್ಹಲಗೆಗೆ ಎರಡೂ ಬದಿಯಲ್ಲಿ ವಾರ್ನಿಷ್ ಬಳಿಯಿರಿ. ಎಮ್‌ಡಿಎಫ್ ನೀರು ಕುಡಿದರೆ ಉಬ್ಬಿ ತೂತುಗಳು ಕೆಡುತ್ತವೆ. ರೈಲನ್ನು ಗೋಡೆಗೆ ಒರಗಿಸಬೇಡಿ, ಮೊಳೆಗೆ ತೂಗುಹಾಕಿ. ಬಿದ್ದು ಬಾಗಿದ ರೈಲನ್ನು ಸುತ್ತಿಗೆಯಿಂದ ನೇರ ಮಾಡಲಾಗದು.