ಗರ್ಭಿಣಿಯ ಆಹಾರ-ವ್ಯಾಯಾಮ ಮತ್ತು ಶಿಶುವಿನ ಬೆಳವಣಿಗೆ

(ಉಪನ್ಯಾಸದ ಲಿಖಿತ ರೂಪ)

 

ಪ್ರಹ್ಲಾದರಾಜರು ತಾಯಿ ಕಯಾಧುವಿನ ಗರ್ಭದಲ್ಲಿದ್ದಾಗಲೇ ನಾರದರ ಉಪದೇಶವನ್ನು ಕೇಳಿದರೆಂಬುದು ಶ್ರೀಮದ್ಭಾಗವತದ ಸಪ್ತಮ ಸ್ಕಂಧದ ಪ್ರಸಿದ್ಧ ಪ್ರಸಂಗ. ನಾರದರು ಆಕೆಗೆ ಉಪದೇಶದೊಡನೆ ಆಶ್ರಯವನ್ನೂ ಕೊಟ್ಟರು. ಗರ್ಭಸ್ಥ ಶಿಶುವಿನ ಹಿತಕ್ಕೆ ತಾಯಿಯ ರಕ್ಷಣೆಯೇ ಮೊದಲ ಮೆಟ್ಟಿಲೆಂಬ ಸೂಚನೆ ಅದರಲ್ಲಿ ಅಡಗಿದೆ.

ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ ಶಿಶುವನ್ನು ವೈದ್ಯರು ಕಡಿಮೆ ತೂಕದ ಶಿಶುವೆಂದು ಪರಿಗಣಿಸುತ್ತಾರೆ. ಇದರ ಪರಿಣಾಮ ಬಾಲ್ಯಕ್ಕೆ ಮುಗಿಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಜನಿಸಿದ 517 ಮಂದಿಯನ್ನು ಪರೀಕ್ಷಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ನಲವತ್ತೈದು ದಾಟಿದವರ ಪೈಕಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದ್ರೋಗವಿತ್ತು. ಏಳು ಪೌಂಡಿಗೂ ಮೇಲ್ಪಟ್ಟು ತೂಗಿದ್ದವರಲ್ಲಿ ಅದು ಶೇ. 3 ಮಾತ್ರ. ತಳಪಾಯ ದುರ್ಬಲವಾದರೆ ಸೇತುವೆ ಹಲವು ವರ್ಷಗಳ ಬಳಿಕವೂ ತೊಂದರೆ ಕೊಡುವುದಲ್ಲವೇ?

ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ ಹಸಿರು ಸೊಪ್ಪು, ಹಣ್ಣು ಮತ್ತು ಹಾಲನ್ನು ಹೆಚ್ಚಾಗಿ ಸೇವಿಸಿದ ತಾಯಂದಿರ ಶಿಶುಗಳು ದೊಡ್ಡದಾಗಿದ್ದುದು ಕಂಡುಬಂತು. ಇದನ್ನೇ ಮುಂಬಯಿಯ ಕೊಳೆಗೇರಿಗಳಲ್ಲಿ 2006ರಿಂದ 2012ರವರೆಗೆ ಪರೀಕ್ಷಿಸಲಾಯಿತು. ಆರು ಸಾವಿರಕ್ಕೂ ಮಿಕ್ಕಿದ ಮಹಿಳೆಯರಲ್ಲಿ ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲುಗಳಿಂದ ತಯಾರಿಸಿದ ತಿಂಡಿಯನ್ನು, ಇನ್ನೊಂದು ಗುಂಪಿಗೆ ಆಲೂಗೆಡ್ಡೆ, ಈರುಳ್ಳಿಯಂತಹ ತರಕಾರಿಗಳ ತಿಂಡಿಯನ್ನು ನೀಡಲಾಯಿತು. ಒಟ್ಟು ಲೆಕ್ಕದಲ್ಲಿ ಶಿಶುಗಳ ತೂಕದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಗರ್ಭಧಾರಣೆಗೆ ಮೂರು ತಿಂಗಳ ಮೊದಲೇ ಆರಂಭಿಸಿದವರಲ್ಲಿ ಶಿಶುವಿನ ತೂಕ ಸರಾಸರಿ 48 ಗ್ರಾಂ ಹೆಚ್ಚಿತು; ತೀರಾ ಕೃಶರಾದ ತಾಯಂದಿರಿಗೆ ಈ ಲಾಭ ದೊರೆಯಲಿಲ್ಲ. ಗರ್ಭಕಾಲದ ಮಧುಮೇಹವು ಮೊದಲ ಗುಂಪಿನಲ್ಲಿ ಶೇ. 7.3, ಇನ್ನೊಂದರಲ್ಲಿ ಶೇ. 12.4 ಇತ್ತು. ಸೊಸೆಯ ಪೋಷಣೆ ಸೀಮಂತದ ದಿನ ಆರಂಭವಾಗತಕ್ಕದ್ದಲ್ಲ, ಮದುವೆಯ ದಿನದಿಂದಲೇ ಆಗಬೇಕು ಎಂಬುದೇ ಇದರ ಪಾಠ.

ಇಲ್ಲಿ ವ್ರತಗಳ ಪ್ರಶ್ನೆ ಏಳುವುದು ಸಹಜ. ಚಾತುರ್ಮಾಸ್ಯದಲ್ಲಿ ಕ್ರಮವಾಗಿ ಶಾಕ, ಮೊಸರು, ಹಾಲು, ದ್ವಿದಳ ಧಾನ್ಯ ವರ್ಜ್ಯ. ಗರ್ಭಿಣಿಗೆ ಅತ್ಯಗತ್ಯವಾದವುಗಳೂ ಇವೇ. ಆದುದರಿಂದ ಪರ್ಯಾಯವನ್ನು ಯೋಚಿಸಬೇಕು. ದಧಿವ್ರತದಲ್ಲಿ ಹಾಲು ಉಂಟು, ಕ್ಷೀರವ್ರತದಲ್ಲಿ ಮೊಸರು-ಮಜ್ಜಿಗೆ ಉಂಟು. ಸಸ್ಯಾಹಾರಿಗಳಿಗೆ ಬಿ-12 ಜೀವಸತ್ವ ದೊರೆಯುವುದು ಮುಖ್ಯವಾಗಿ ಇವುಗಳಿಂದಲೇ. ದ್ವಿದಳವ್ರತದಲ್ಲಿ ರಾಗಿ, ಹಾಲು, ಹರಿವೆ ಸೊಪ್ಪು ಒದಗುತ್ತವೆ. ಶಾಕವ್ರತದ ತಿಂಗಳಲ್ಲಂತೂ ವೈದ್ಯರು ಕೊಟ್ಟ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪಿಸಲೇಬಾರದು. ಮಾತ್ರೆಯೊಡನೆ ಕಾಫಿ-ಚಹಾ ಬೇಡ.

ನಿರ್ಜಲ ಏಕಾದಶಿಯ ವಿಷಯ ಇನ್ನೂ ಗಂಭೀರ. ಗರ್ಭಿಣಿಯ ರಕ್ತದ ಸಕ್ಕರೆಯ ಅಂಶ ಉಪವಾಸದಲ್ಲಿ ಇತರರಿಗಿಂತ ಬೇಗನೆ ಇಳಿಯುತ್ತದೆ. ಬಾಲರು, ವೃದ್ಧರು, ರೋಗಿಗಳು, ಗರ್ಭಿಣಿಯರು ಇವರಿಗೆ ರಿಯಾಯಿತಿ ತೋರುವುದು ಹಿರಿಯರ ರೂಢಿ. ಆದರೂ ಅತ್ತೆ ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ಬಾಯಿಬಿಡದ ಸೊಸೆಯಂದಿರಿದ್ದಾರೆ. ಅತ್ತೆಯೇ ಮುಂದಾಗಿ, "ಈ ಸಲ ನಿನ್ನ ಪಾಲಿನ ಉಪವಾಸ ನನಗಿರಲಿ, ನೀನು ಹಾಲು-ಹಣ್ಣು ತೆಗೆದುಕೋ ಮಗಳೇ" ಎಂದರೆ ಅದಕ್ಕಿಂತ ದೊಡ್ಡ ಸೇವೆ ಬೇರಿಲ್ಲ. ಸಂಶಯವಿದ್ದಲ್ಲಿ ಗುರುಗಳನ್ನೂ ವೈದ್ಯರನ್ನೂ ಕೇಳಬಹುದು.

ವ್ಯಾಯಾಮದಲ್ಲಿ ಮಿತವೇ ಹಿತ. ಪುಣೆಯ ಹಳ್ಳಿಗಳಲ್ಲಿ ನೀರು ಹೊತ್ತು, ಹೊಲದಲ್ಲಿ ದುಡಿದು ಬಳಲಿದ ತಾಯಂದಿರ ಶಿಶುಗಳ ತೂಕ ಕಡಿಮೆಯಿತ್ತು. ಬೆಂಗಳೂರಿನಲ್ಲಿ 335 ಗರ್ಭಿಣಿಯರನ್ನು ಕುರಿತ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ದಿನಕ್ಕೊಂದು ಗಂಟೆ ಯೋಗಾಭ್ಯಾಸ ಮಾಡಿದವರಲ್ಲಿ, ಕೇವಲ ನಡಿಗೆ ಮಾಡಿದವರಿಗಿಂತ ಹೆಚ್ಚು ಮಂದಿಗೆ ಎರಡೂವರೆ ಕಿಲೋ ಅಥವಾ ಅದಕ್ಕೂ ಮಿಕ್ಕಿದ ಶಿಶುಗಳು ಜನಿಸಿದವು. ದಣಿವಿನ ದುಡಿಮೆ ಬೇರೆ, ಹಿತಮಿತ ವ್ಯಾಯಾಮ ಬೇರೆ. ವಿರಾರ್ ಅಥವಾ ಡೊಂಬಿವಲಿಯಿಂದ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ನಿಂತು ಬಂದು, ಸೇತುವೆಯ ಮೆಟ್ಟಿಲು ಹತ್ತಿ, ಮನೆಯಲ್ಲಿ ಮತ್ತೆ ಅಡಿಗೆಗೆ ನಿಲ್ಲುವುದು ವ್ಯಾಯಾಮವೆನಿಸದು. ಸಂಜೆ ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ಮಾತನಾಡುತ್ತಾ ನಡೆಯುವುದು ಲೇಸು; ಪತಿಯೂ ಜೊತೆಗಿದ್ದರೆ ಇನ್ನೂ ಲೇಸು. ರಕ್ತಸ್ರಾವ, ಹೊಟ್ಟೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಮಗು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಊಟ ಕಡಿಮೆ ಮಾಡಿಸುವ ರೂಢಿ ಕೆಲವೆಡೆ ಇನ್ನೂ ಉಳಿದಿದೆ. ಅದನ್ನು ಬಿಡತಕ್ಕದ್ದು. ಬಯಕೆಯ ಊಟವನ್ನು ಒಂದು ದಿನದ ಸಂಭ್ರಮಕ್ಕೆ ಮುಗಿಸದೆ, ಅದರ ಆಶಯವನ್ನು ಒಂಬತ್ತು ತಿಂಗಳೂ ನಡೆಸಿಕೊಂಡು ಬಂದರೆ ಪ್ರತಿ ಮನೆಯಲ್ಲೂ ಆರೋಗ್ಯವಂತ ಸಂತತಿ ಬೆಳಗೀತು. ಉಡುಪಿ ಶ್ರೀಕೃಷ್ಣನೂ ಮುಖ್ಯಪ್ರಾಣದೇವರೂ ಸಕಲ ಮಾತೆಯರನ್ನು ರಕ್ಷಿಸಲಿ.

ಶ್ರೀಕೃಷ್ಣಾರ್ಪಣಮಸ್ತು.