ಸಭೆಯಲ್ಲಿ ಯಾರಿರಲಿಲ್ಲ?
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾಡಿನ ಸ್ವಾತಂತ್ರ್ಯ ಸಂಗ್ರಾಮವನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಆ ಸಂಗ್ರಾಮದಲ್ಲಿ ನಮ್ಮವರ ಪಾಲೂ ಇದೆ. ಕರಾವಳಿಯ ಕಥೊಲಿಕ ಮನೆತನದ ಜೋಕಿಂ ಆಳ್ವರು ಸೆರೆವಾಸ ಅನುಭವಿಸಿದರು. ಅವರ ಪತ್ನಿ ವಯಲೆಟ್ ಆಳ್ವರು 1943ರಲ್ಲಿ ಐದು ತಿಂಗಳ ಹಸುಗೂಸನ್ನು ಎತ್ತಿಕೊಂಡೇ ಮುಂಬಯಿಯ ಆರ್ಥರ್ ರೋಡ್ ಸೆರೆಮನೆಯನ್ನು ಹೊಕ್ಕರು. ಇಂಥವರನ್ನು ನೆನೆದು ಹೆಮ್ಮೆಪಡುವುದು ಸಹಜ. ಆದರೆ ಆತ್ಮಪರೀಕ್ಷೆಗೆ ನಮ್ಮನ್ನು ಕರೆಯುವ ಘಟನೆಯೊಂದು ನಮ್ಮ ಜಿಲ್ಲೆಯಲ್ಲೇ ನಡೆದಿದೆ.

ಕೃಷ್ಣೆಯನ್ನು ದಾಟಿ ಕೊಲ್ಹಾರದ ಮೇಲೆ ಉತ್ತರಕ್ಕೆ ಸಾಗುವ ದಾರಿ ವಿಜಯಪುರವನ್ನು ಸೇರುತ್ತದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ನಗರಕ್ಕೆ ಅಂದು ವಿಜಾಪುರವೆಂದು ಹೆಸರು. 1918ರ ಮೇ ತಿಂಗಳಲ್ಲಿ ಅಲ್ಲಿ ಅಸ್ಪೃಶ್ಯರೆನಿಸಿದವರ ಉದ್ಧಾರಕ್ಕಾಗಿ ಒಂದು ಪರಿಷತ್ತು ಸೇರಿತ್ತು. ಠರಾವು ಮಂಡಿಸಲು ಎದ್ದುನಿಂತ ಗಾಂಧೀಜಿಯವರು, ಆ ಸಮುದಾಯದವರು ಯಾರಾದರೂ ಸಭೆಯಲ್ಲಿ ಇರುವರೇ ಎಂದು ಕೇಳಿದರು. ಒಬ್ಬರೂ ಇರಲಿಲ್ಲ. ಹಾಗಾದರೆ ಠರಾವಿನಿಂದ ಪ್ರಯೋಜನವಿಲ್ಲವೆಂದು ಅವರು ಅದನ್ನು ಮಂಡಿಸಲು ನಿರಾಕರಿಸಿದರು.

ಠರಾವುಗಳಿಗೆ ಆಗ ಕೊರತೆಯಿರಲಿಲ್ಲ. 1917ರ ಕಲಕತ್ತೆಯ ಕಾಂಗ್ರೆಸ್ ಅಧಿವೇಶನವೇ ಇಂಥದೊಂದನ್ನು ಅಂಗೀಕರಿಸಿತ್ತು. ಕೊರತೆಯಿದ್ದುದು ಒಟ್ಟಿಗೆ ಕುಳಿತುಕೊಳ್ಳುವ ಮನಸ್ಸಿಗೆ. ಕೃಷ್ಣೆಯ ನೀರು ಯಾರ ಜಾತಿಯನ್ನೂ ಕೇಳದು. ಊರ ಬಾವಿಯ ಕಟ್ಟೆಯ ಮೇಲೆ ನಿಂತವರು ಕೇಳುತ್ತಿದ್ದರು. ಪರಕೀಯರು ನಮ್ಮನ್ನು ಕೀಳಾಗಿ ಕಾಣುತ್ತಾರೆಂದು ಸಂಕಟಪಟ್ಟ ಜನರು, ತಮ್ಮ ಊರಿನ ನೆರೆಯವರನ್ನು ಅದಕ್ಕಿಂತ ಕೀಳಾಗಿ ಕಂಡಿದ್ದರು. ಸ್ವರಾಜ್ಯ ಯಾರದು ಎಂಬ ಪ್ರಶ್ನೆ ವಿಜಾಪುರದಲ್ಲಿ ಹೀಗೆ ಎದ್ದುನಿಂತಿತು.

ದೇಶವು 1947ರಲ್ಲಿ ಸ್ವತಂತ್ರವಾಯಿತು. 1948ರ ನವೆಂಬರ್ 29ರಂದು ಸಂವಿಧಾನ ಸಭೆಯು ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯನ್ನು ಅಂಗೀಕರಿಸಿತು. ಅದೇ ಇಂದಿನ 17ನೆಯ ವಿಧಿ. ಕಾನೂನು ತನ್ನ ಕೆಲಸವನ್ನು ಮಾಡಿತು. ಮನಸ್ಸು ಮಾಡಬೇಕಾದ ಕೆಲಸ ಉಳಿದಿದೆ.

ಧರ್ಮಸಭೆಯೂ ಇದಕ್ಕೆ ಹೊರತಲ್ಲ. ದಕ್ಷಿಣ ಭಾರತದ ಹಲವು ದೇವಾಲಯಗಳಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಆಸನ, ಬೇರೆ ಸಮಾಧಿಭೂಮಿ ಇದ್ದುದುಂಟು. ಒಂದೇ ಸ್ನಾನದೀಕ್ಷೆ ಪಡೆದವರನ್ನು ಮರಣದಲ್ಲಿಯೂ ಗೋಡೆಯೊಂದು ಅಗಲಿಸಿತು. ಭಾರತದ ಕಥೊಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಈ ಭೇದ ನಮ್ಮೊಳಗೂ ಇದೆಯೆಂದು ಒಪ್ಪಿಕೊಂಡಿತು.

ಆದುದರಿಂದ ಪ್ರಿಯರೇ, ಶತಮಾನೋತ್ಸವದ ದೀಪಗಳು ಆರಿದ ಮೇಲೂ ನಮ್ಮ ಸಭೆಗಳು ನಡೆಯುತ್ತವೆ. ಕಬ್ಬು ಕಡಿಯಲು, ಕೂಲಿ ಅರಸಲು ಗುಳೆ ಹೋಗುವ ಕುಟುಂಬಗಳ ಮಕ್ಕಳಿಗಾಗಿ ಒಳ್ಳೆಯ ತೀರ್ಮಾನಗಳನ್ನು ಕೈಗೊಳ್ಳುತ್ತೇವೆ. ಅಂದು ಕೈಯೆತ್ತುವ ಮುನ್ನ ಒಮ್ಮೆ ಸುತ್ತಲೂ ನೋಡೋಣ. ಯಾರ ವಿಷಯವನ್ನು ಮಾತನಾಡುತ್ತಿದ್ದೇವೆಯೋ ಅವರು ಅಲ್ಲಿ ಇಲ್ಲದಿದ್ದರೆ, ಠರಾವನ್ನು ಬದಿಗಿಟ್ಟು ಅವರ ಮನೆಗೆ ಹೋಗಿ ಕರೆತರೋಣ. ಬಂದವರಿಗೆ ಮುಂದಿನ ಸಾಲಿನಲ್ಲಿ ಸ್ಥಳ ಬಿಡೋಣ. ಸೆರೆಮನೆ ಸೇರಿದ ಹಿರಿಯರ ಋಣವನ್ನು ನಾವು ತೀರಿಸಬಲ್ಲ ಬಗೆ ಇದು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.